ಹನ್ನೆರಡನೇ ಟೈಲು

ನಿಂಗಣ್ಣನ ಅಡುಗೆಮನೆಗೆ ಒಂದು ಟೈಲು ಕಡಿಮೆ ಇತ್ತು.

ಅಡುಗೆಮನೆ ಎಂದರೆ ಬೇರೆ ಕೋಣೆಯಲ್ಲ. ಟಿನ್ ಫ್ಯಾಕ್ಟರಿ ಹಿಂದಿನ ವಠಾರದಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಒಂದೇ ಕೋಣೆಯ ಪೂರ್ವದ ಗೋಡೆ, ಅಗಲ ಆರಡಿ. ಅದರ ಬುಡದಲ್ಲಿ, ನೆಲದ ಮೇಲೆ ಗ್ಯಾಸ್ ಒಲೆ. ಸುರಪುರದ ಕಡೆಯಿಂದ ಬಂದ ನಿಂಗಣ್ಣ ಒಂಬತ್ತು ವರ್ಷದಲ್ಲಿ ನೂರ ನಲವತ್ತು ಅಡುಗೆಮನೆಗಳಿಗೆ ಟೈಲು ಹಾಕಿದ್ದ. ಬಸ್ ಡ್ರೈವರನ ಹೆಂಡತಿ ಸಂತೆಗೆ ನಡೆದುಕೊಂಡೇ ಹೋದ ಹಾಗೆ, ಅವನ ಹೆಂಡತಿ ಅಮೃತಮ್ಮ ಮಾತ್ರ ನೆಲದ ಮೇಲೆ ಕೂತೇ ಅಡುಗೆ ಮಾಡುತ್ತಿದ್ದಳು. ಅವಳ ಆಸೆ ದೊಡ್ಡದೇನಲ್ಲ. ಒಂದು ಕಟ್ಟೆ, ಅದರ ಹಿಂದೆ ಹೊಳೆಯುವ ಗೋಡೆ, ಅದರ ಮುಂದೆ ನಿಂತು ಮಾಡಿದ ಒಂದು ಸಾರು.

ಕಟ್ಟೆಯ ಕಲ್ಲು ಸಿದ್ಧವಾಗಿತ್ತು. ಗ್ರಾನೈಟ್ ಕಟ್ಟೆಯಲ್ಲಿ ಸಿಂಕ್ ಕೂರಿಸಲು ಕೊರೆದಾಗ ಒಳಗಿನ ತುಂಡು ಯಾರಿಗೂ ಬೇಡವಾಗುತ್ತದೆ. ಶಿವಾಜಿನಗರದ ಕಲ್ಲು ಕೊಯ್ಯುವ ಗಯಾಜ್ ಅಂಥ ಮೂರು ತುಂಡು ಎತ್ತಿಟ್ಟು, ಅಂಚು ಉಜ್ಜಿ ಕೊಟ್ಟಿದ್ದ. ಒಂದು ಕಪ್ಪು, ಒಂದು ಕೆಂಪು, ಇನ್ನೊಂದು ಹಸಿರು ಚುಕ್ಕೆಯದು. ಸಾಲಾಗಿ ಇಟ್ಟರೆ ಐದಡಿ ಒಂಬತ್ತು ಅಂಗುಲ. ಉಳಿದ ಮೂರಂಗುಲದಲ್ಲಿ ಗ್ಯಾಸಿನ ಪೈಪು ಇಳಿಯುತ್ತದೆ.

ಟೈಲು ಸೇರಿಸಿದ್ದು ನಿಧಾನವಾಗಿ. ಒಡೆದರೆ ಇರಲಿ ಎಂದು ಎಲ್ಲರೂ ನೂರಕ್ಕೆ ಹತ್ತು ಹೆಚ್ಚು ತರಿಸುತ್ತಾರೆ, ಉಳಿದದ್ದನ್ನು ಅಟ್ಟಕ್ಕೆ ಏರಿಸುತ್ತಾರೆ. ಅಟ್ಟ ಹತ್ತಿದ ಟೈಲು ಮತ್ತೆ ಇಳಿದದ್ದನ್ನು ನಿಂಗಣ್ಣ ನೋಡಿಲ್ಲ. ಕೈಮುಗಿದು ಕೇಳಿದರೆ ಕೆಲವರು ಒಂದು ಕೊಡುತ್ತಿದ್ದರು. ಕುಕ್ ಟೌನಿನ ಗುಲಾಬಿ ಹೂವು, ಬೆನ್ಸನ್ ಟೌನಿನ ನೀಲಿ ಬಳ್ಳಿ, ಹಲಸೂರಿನ ನಿಂಬೆಹಣ್ಣು. ಒಂದೂವರೆ ಅಡಿ ಉದ್ದ, ಒಂದಡಿ ಎತ್ತರ ಇದ್ದರಾಯಿತು, ಬಣ್ಣ ಕೇಳಬಾರದು. ಸಾಲಿಗೆ ನಾಲ್ಕರಂತೆ ಮೂರು ಸಾಲಿಗೆ ಹನ್ನೆರಡು ಬೇಕು. ಹನ್ನೊಂದಾಗಿದ್ದವು.

ಇನ್ನೊಂದಕ್ಕೆ ಕಾಯುವಂತಿರಲಿಲ್ಲ. ಗೋಡೆ ಮುಟ್ಟಲು ಒಪ್ಪಿಗೆ ಕೊಡಲು ಮಾಲೀಕ ವೆಂಕಟಸ್ವಾಮಿ ನಾಲ್ಕು ವರ್ಷ ತೆಗೆದುಕೊಂಡಿದ್ದರು, ಕೊಟ್ಟದ್ದು ಒಂದೇ ಒಂದು ಭಾನುವಾರ; ಸಂಜೆ ಆರರೊಳಗೆ ಗೋಡೆ ಮುಗಿದು ಹಾಲು ಉಕ್ಕಬೇಕು.

“ಮಂಗಳವಾರದಿಂದ ಆಷಾಢ. ಆಷಾಢದಲ್ಲಿ ಒಲೆ ಎತ್ತೋ ಹಂಗಿಲ್ಲ” ಎಂದಿದ್ದರು. “ಆಷಾಢ ಕಳೆದ್ಮೇಲೆ ನನ್ನ ಮನಸ್ಸು ಹೆಂಗಿರ್ತದೋ ನಂಗೇ ಗೊತ್ತಿಲ್ಲ ಕಣಪ್ಪಾ.”

ಆ ಭಾನುವಾರ ಬೆಳಗ್ಗೆ ಆರೂವರೆಗೆ ನಿಂಗಣ್ಣ ವಠಾರದ ಅಂಗಳದಲ್ಲಿ ಹನ್ನೊಂದು ಟೈಲುಗಳನ್ನು ಜೋಡಿಸಿಟ್ಟ. ಗೋಡೆಗೆ ಅಂಟಿಸುವ ಮೊದಲು ನೆಲದ ಮೇಲೆ ಹಾಸಿ ನೋಡುವುದು ಅವನ ಕಸುಬಿನ ಪದ್ಧತಿ. ನಡುಸಾಲಿನಲ್ಲಿ ಒಂದು ಜಾಗ ಉದುರಿದ ಹಲ್ಲಿನ ಹಾಗೆ ಖಾಲಿ ಇತ್ತು.

ಐದು ನಿಮಿಷದಲ್ಲಿ ವಠಾರ ಸುತ್ತುಗಟ್ಟಿತು. ವೆಂಕಟಸ್ವಾಮಿಯ ಹೆಂಡತಿ ಪಿಳ್ಳಮ್ಮ ಹಲ್ಲುಜ್ಜುತ್ತಲೇ ಬಂದು ಕಾಲಿನ ಹೆಬ್ಬೆರಳಲ್ಲಿ ತೋರಿಸಿದರು.

“ನಿಂಬೆಹಣ್ಣು ಒಲೆ ಪಕ್ಕ ಯಾಕಿಕ್ದೆ? ಹಾಲು ಒಡೀತದೆ. ಆ ಕಡೀಕಿಕ್ಕು.”

“ಟೈಲ್ ಮೇಲಿನ ನಿಂಬೆಹಣ್ಣಿಗೆ ಹಾಲು ಒಡೀತದೇನೇ?” ಎಂದರು ವೆಂಕಟಸ್ವಾಮಿ.

“ನಿಮ್ಮ ಮುಖ ನೋಡಿದ್ರೇ ಒಡೀತದೆ. ಸುಮ್ಕಿರಿ.”

ನಿಂಬೆಹಣ್ಣು ಆ ಕಡೆ ಹೋಯಿತು. ವೆಂಕಟಸ್ವಾಮಿ ಸೋಲೊಪ್ಪದೆ ಒಳಗೆ ಹೋಗಿ, ಧೂಳು ಹೊಡೆದ ಒಂದು ಟೈಲು ತಂದರು. ಅದರಲ್ಲಿ ಲಕ್ಷ್ಮಿ ಇದ್ದಳು. ಕಾಂಪೌಂಡ್ ಗೋಡೆಗೆ ಜನ ಉಚ್ಚೆ ಹೊಯ್ಯದಿರಲಿ ಎಂದು ಅವರು ಸಾಲಾಗಿ ದೇವರ ಟೈಲು ಹಾಕಿಸಿದಾಗ ಉಳಿದದ್ದು.

“ತಗೋ, ಹನ್ನೆರಡಾಯ್ತು.”

ಅಮೃತಮ್ಮ ಸೆರಗು ಬಾಯಿಗೆ ಹಿಡಿದಳು. “ಬ್ಯಾಡ್ರೀ ಅಪ್ಪಾರ. ದಿನಾ ದೇವ್ರ ಮಾರಿಗೆ ಒಗ್ಗರಣಿ ಸಿಡಿಸ್ಲೇನ್ರಿ?”

ಲಕ್ಷ್ಮಿ ಮರಳಿ ಒಳಗೆ ಹೋದಳು. ನಿಂಗಣ್ಣ ಗಯಾಜ್‌ಗೆ ಫೋನು ಮಾಡಿದ. “ಇವತ್ತೇ ಬೇಕಾ ಭಾಯ್? ಟೆನ್ಷನ್ ತಗೋಬೇಡ. ಶಿವಾಜಿನಗರದಲ್ಲಿ ಸಿಗ್ದೇ ಇರೋ ವಸ್ತು ಇನ್ನೂ ತಯಾರಾಗಿಲ್ಲ” ಎಂದ ಗಯಾಜ್.

ನಿಂಗಣ್ಣನಿಗೆ ಇನ್ನೊಂದು ಆಸೆಯಿತ್ತು. ಇಂದಿರಾನಗರದಲ್ಲಿ ಅಮೃತಮ್ಮ ನಾಲ್ಕು ವರ್ಷದಿಂದ ಅಡುಗೆ ಮಾಡುವ ಮೋನಿಷಾ ಅವರ ಮನೆ. ಅವಳ ಮಾತಿನಿಂದಲೇ ಅಲ್ಲಿಯ ಟೈಲಿನ ಕೆಲಸ ಅವನಿಗೆ ಸಿಕ್ಕಿತ್ತು. ಬಚ್ಚಲಿಗೆ ತಂದ ನವಿಲು ಬಣ್ಣದ ಟೈಲಿನಲ್ಲಿ ಒಂದು ಉಳಿದದ್ದನ್ನು ಅವನು ಹೋದ ವಾರ ಕಣ್ಣಾರೆ ನೋಡಿದ್ದ. ಅಡುಗೆಮನೆ, ಬಚ್ಚಲು ಹೊಸದಾಗಿ ಮಾಡಿಸುತ್ತಿದ್ದ ಆ ಮನೆಗಿನ್ನೂ ಅಟ್ಟವಾಗಿರಲಿಲ್ಲ. ಅಂಗಳದ ಜೋಡಣೆಯ ಫೋಟೊ ತೆಗೆದುಕೊಂಡು ಗಂಡಹೆಂಡತಿ ಬಸ್ಸು ಹತ್ತಿದರು.

ಮೋನಿಷಾ ಅವರ ಹೊಸ ಅಡುಗೆಮನೆ ಮುಗಿದಿತ್ತು, ಒಲೆಯ ಹಿಂದಿನ ಆರಡಿ ಗೋಡೆಯೊಂದನ್ನು ಬಿಟ್ಟು. ಅದಕ್ಕೆ ಮೂರು ತಿಂಗಳಲ್ಲಿ ಹದಿನೇಳು ಸ್ಯಾಂಪಲ್ ಬಂದು ಹದಿನೇಳೂ ಅಂಗಡಿಗೆ ವಾಪಸಾಗಿದ್ದವು. ಬಿಳಿಯದು ಆಸ್ಪತ್ರೆಯ ಹಾಗೆ, ಬೂದಿಯದು ಬ್ಯಾಂಕಿನ ಹಾಗೆ, ಹಸಿರು ಸ್ವಿಮ್ಮಿಂಗ್ ಪೂಲ್ ಹಾಗೆ ಕಂಡಿತ್ತಂತೆ. ಕಟ್ಟೆಯ ಎತ್ತರ ಮಾತ್ರ ಒಂದೇ ನಿಮಿಷದಲ್ಲಿ ತೀರ್ಮಾನವಾಗಿತ್ತು. ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕಂಗುಲ ಕೆಳಗೆ ಕಲ್ಲು ಬರಬೇಕು ಎಂದು ನಿಂಗಣ್ಣ ಹೇಳಿದಾಗ ಮೋನಿಷಾ, “ಹಾಗಾದ್ರೆ ಅಮೃತಮ್ಮಂದೇ ಅಳತೆ ತಗೊಳ್ಳಿ. ನಾನು ಕಾಫಿ ಬಿಟ್ರೆ ಏನ್ ಮಾಡ್ತೀನಿ?” ಎಂದಿದ್ದರು. ಎರಡಡಿ ಒಂಬತ್ತು ಅಂಗುಲ. ಇಂದಿರಾನಗರದ ಆ ಕಟ್ಟೆ ಅಮೃತಮ್ಮನಿಗೆ ಹೊಲಿಸಿದ ರವಿಕೆಯ ಹಾಗೆ ಕೂತಿತ್ತು.

ಅಂದು ಸಂಜೆ ಐದಕ್ಕೆ ಅಲ್ಲಿಯೂ ಹಾಲು ಉಕ್ಕಿಸುವುದಿತ್ತು. ಆಷಾಢ ಹುಟ್ಟುವುದರೊಳಗೆ ಆಗಲಿ ಎಂದು ಮೋನಿಷಾ ಅವರ ಅತ್ತೆಯ ಅಪ್ಪಣೆ. ಬರಿಯ ಸಿಮೆಂಟು ಗೋಡೆ ನೋಡಿದರೆ ಅತ್ತೆ ಏನೆಂದಾರು ಎಂಬ ಚಿಂತೆಯಲ್ಲಿ ಮೋನಿಷಾ ಫೋನಿನಲ್ಲಿ ಟೈಲಿನ ಚಿತ್ರಗಳನ್ನು ನೋಡುತ್ತಿದ್ದರು.

“ಮೇಡಂ, ಆ ಬಚ್ಚಲದ್ದು ಒಂದ ಉಳದದಲ್ರೀ, ಅದನ್ನ ನಮಗ ಕೊಡ್ತೀರೇನ್ರಿ?”

“ಒಂದೇ ಟೈಲ್ ಏನ್ ಮಾಡ್ತೀರಾ?”

ಇಲ್ಲಿಯೇ ನಿಂಗಣ್ಣ ತಪ್ಪಿದ. ಖಾಲಿ ಜಾಗ ತೋರಿಸಲು ಫೋಟೊ ಹೊರತೆಗೆದ.

ಮೋನಿಷಾ ಫೋನು ಕಸಿದುಕೊಂಡು ಎರಡು ಬೆರಳಲ್ಲಿ ಹಿಗ್ಗಿಸಿದರು. ಅವರ ಮುಖದಿಂದ ಮೂರು ತಿಂಗಳ ಮೋಡ ಸರಿಯಿತು.

“ಓ ಮೈ ಗಾಡ್. ನಂಗೆ ಬೇಕಾಗಿದ್ದು ಇದೇ! ಇದೇ ರೀ! ಯಾವ ಅಂಗಡೀದು?”

“ಅಂಗಡೀದಲ್ರೀ. ನಮ್ಮವು.”

“ಎಷ್ಟು ವಿಂಟೇಜ್ ಆಗಿದೆ! ಆರಡಿಗೆ ಕರೆಕ್ಟಾಗಿ ಕೂರತ್ತಲ್ಲ? ಆ ಪೀಕಾಕ್ ಒಂದು ಸೇರಿಸಿದ್ರೆ ಹನ್ನೆರಡು. ಇವತ್ತೇ ಹಾಕ್ಬಿಡಿ.”

ನಿಂಗಣ್ಣ ಫೋನಿಗೆ ಕೈ ಚಾಚಿದ. “ಇಲ್ರೀ ಮೇಡಂ. ಒಂಬತ್ತ ವರ್ಷ ಆತ್ರೀ ಕೂಡಿಸ್ಲಕ್ಕ. ಆಕಿ ಮನ್ಯಾಗ ನೆಲದ ಮ್ಯಾಲ ಕುಂತ ಅಡಗಿ ಮಾಡ್ತಾಳ್ರೀ.”

“ನೀವು ಇದೇ ಕೆಲ್ಸದಲ್ಲಿರ್ತೀರಾ, ನಿಮ್ಗೆ ಇನ್ನೂ ಸಿಗತ್ತೆ ನಿಂಗಣ್ಣ. ನಂಗೆ ಎಲ್ಲಿ ಸಿಗತ್ತೆ ಹೇಳಿ?” ಎಂದ ಮೋನಿಷಾ ತಿರುಗಿದರು. “ಅಮೃತಮ್ಮ, ನೀವೇ ಹೇಳಿ. ನೀವು ಏನಂದ್ರೆ ಅದು.”

ನಿಂಗಣ್ಣನಿಗೆ ಸಮಾಧಾನವಾಯಿತು. ಆಕೆಯ ಉತ್ತರ ಅವನಿಗೆ ಗೊತ್ತಿತ್ತು.

ಅಮೃತಮ್ಮ ಕೈಯೊರೆಸಿಕೊಂಡಳು. ಕಟ್ಟೆಯ ಮೇಲೆ ಅಂಗೈ ಊರಿ ಬರಿಯ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

“ಕೊಡ್ರಿ” ಎಂದಳು.

ನಿಂಗಣ್ಣ ಹೋಗಿ ಟೈಲು ತಂದದ್ದು ಆಟೊದಲ್ಲಿ. ಹನ್ನೊಂದನ್ನೂ ತೊಡೆಯ ಮೇಲಿಟ್ಟು, ರಸ್ತೆಯ ಪ್ರತಿ ಉಬ್ಬಿಗೂ ಉಸಿರು ಬಿಗಿಹಿಡಿದು, ಮದುವೆ ಹೆಣ್ಣನ್ನು ಕಳಿಸಲು ಹೊರಟ ತಂದೆಯ ಹಾಗೆ ಕೂತಿದ್ದ. ವಠಾರದಿಂದ ಹೊರಡುವಾಗ ವೆಂಕಟಸ್ವಾಮಿ ಗಡಿಯಾರ ತೋರಿಸಿ, “ಸಂಜೆ ಆರು, ನೆನಪಿರ್ಲಿ. ಲಕ್ಷ್ಮಿ ಬೇಕಿದ್ರೆ ಈಗ್ಲೂ ಇದಾಳೆ” ಎಂದಿದ್ದರು.

ಅಂಟು ಕಲಸುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ. ಅವಳೇ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದಳು.

“ಸಿಟ್ಟ ಮಾಡಬ್ಯಾಡ್ರಿ. ಆ ಗೋಡಿ ವೆಂಕಟಸ್ವಾಮಪ್ಪಾರ್ದು, ಈ ಗೋಡಿ ಇವ್ರದು. ಎರಡೂ ನಮ್ಮವಲ್ಲ. ಅಲ್ಲಿ ದಿನಕ್ಕ ಒಂದ ತಾಸ ಇರ್ತೀನಿ, ಇಲ್ಲಿ ಆರ ತಾಸ. ಎತ್ತರ ಭೀ ನಂದ ಅದ. ಟೈಲ ಭೀ ನಮ್ಮವಾದ್ರ, ಆರ ತಾಸ ನನ್ನ ಮನ್ಯಾಗ ನಿಂತಂಗ ಆಗ್ತದ.”

ನಿಂಗಣ್ಣ ಲೆಕ್ಕ ಹಾಕಿದ. ತಪ್ಪು ಸಿಗಲಿಲ್ಲ. ಮನಸ್ಸು ಸ್ವಲ್ಪ ಹಗುರಾಗಿ, ನೂರ ನಲವತ್ತೊಂದನೇ ಅಡುಗೆಮನೆಯ ಗೋಡೆಯನ್ನು ಹಿಂದಿನ ಯಾವುದಕ್ಕೂ ಮಾಡದಷ್ಟು ಜೋಪಾನವಾಗಿ ಮಾಡಿದ. ಗುಲಾಬಿ ಹೂವನ್ನು ಅವಳು ನಿಲ್ಲುವ ಕಡೆ ಕಣ್ಣಿಗೆ ನೇರವಾಗಿ ಇಟ್ಟ. ನಿಂಬೆಹಣ್ಣನ್ನು, ಯಾವುದಕ್ಕೂ ಇರಲಿ ಎಂದು, ಒಲೆಯಿಂದ ದೂರವಿಟ್ಟ. ಮೂರೂವರೆಗೆ ಕೊನೆಯ ಸಂದು ಒರೆಸಿದ.

ಐದಕ್ಕೆ ಸರಿಯಾಗಿ ಅತ್ತೆ ಬಂದರು. ಗೋಡೆ ನೋಡಿ, “ಚೆನ್ನಾಗಿದೆ, ನಮ್ಮ ಅಜ್ಜಿ ಮನೆ ಥರ ಇದೆ” ಎಂದರು. ಮೋನಿಷಾ ಫೋಟೊ ತೆಗೆದು ಹನ್ನೆರಡು ಜನರಿಗೆ ಕಳಿಸಿದರು. ಒಲೆ ಹಚ್ಚಿ, ಹೊಸ ಪಾತ್ರೆಯಲ್ಲಿ ಹಾಲಿಟ್ಟರು. ಅಮೃತಮ್ಮ ತನ್ನ ಎತ್ತರದ ಕಟ್ಟೆಯ ಮುಂದೆ, ತನ್ನ ಗುಲಾಬಿ ಹೂವಿನ ಎದುರು ನೆಟ್ಟಗೆ ನಿಂತಿದ್ದಳು. ಬಾಗಿಲ ಹೊರಗಿದ್ದ ನಿಂಗಣ್ಣನಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಅಷ್ಟು ನೇರವಾದ ಬೆನ್ನನ್ನು ಅವನು ಮದುವೆಯ ದಿನವೂ ನೋಡಿರಲಿಲ್ಲ.

ಹಾಲು ಏರಿತು. ಉಕ್ಕಿತು. ಕೆಂಡದಂತೆ ಕಾದ ಬರ್ನರಿನ ಮೇಲೆ ಬಿದ್ದು ಚಟಪಟ ಸಿಡಿಯಿತು. ನಾಲ್ಕು ಹನಿ ಗುಲಾಬಿ ಹೂವಿನ ಮೇಲೆ ಕೂತವು.

“ಪೂರ್ವಕ್ಕೇ ಉಕ್ತು! ಒಳ್ಳೇದಾಗತ್ತೆ” ಎಂದರು ಅತ್ತೆ.

“ಅಯ್ಯೋ, ಟೈಲ್!” ಎಂದರು ಮೋನಿಷಾ.

ದುಪಟ್ಟಾದಿಂದ ಹೂವು ಒರೆಸಿ, ಹಿಂದೆ ಸರಿದು, ಗೋಡೆಯನ್ನು ನೋಡಿದರು. ಆಮೇಲೆ ಅಮೃತಮ್ಮನನ್ನು ನೋಡಿದರು.

“ಬರೀ ಹಾಲಿಗೇ ಹೀಗೆ. ನಾಳೆ ಒಗ್ಗರಣೆ ಹಾಕಿದ್ರೆ? ಇದು ಒಡೆದ್ರೆ, ಕಲೆ ಆದ್ರೆ ಇನ್ನೊಂದು ಸಿಗಲ್ಲ.” ಸ್ವಲ್ಪ ಯೋಚಿಸಿದರು. “ಒಂದ್ ಕೆಲ್ಸ ಮಾಡಿ ಅಮೃತಮ್ಮ. ಇಲ್ಲಿ ಕಾಫಿ ಒಂದೇ ಇರ್ಲಿ. ಅಡುಗೆ ಹಿಂದ್ಗಡೆ ಯುಟಿಲಿಟೀಲಿ ಮಾಡ್ಬಿಡಿ. ಅಲ್ಲಿ ಕಟ್ಟೆ ಇಲ್ಲ ನಿಜ, ಹಳೇ ಸ್ಟವ್ ಕೆಳಗಿಟ್ಕೊಳ್ಳಿ. ನಿಂಗಣ್ಣ ಹೇಳ್ತಿದ್ರಲ್ಲ, ನಿಮ್ಗೆ ಕೂತು ಮಾಡಿ ರೂಢಿ ಇದೆ ಅಂತ.”

ಅಮೃತಮ್ಮ ಹಳೆಯ ಒಲೆ ಎತ್ತಿಕೊಂಡು ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಇಟ್ಟಳು. ರಾತ್ರಿಯ ಸಾರಿಗೆ ಬೇಳೆ ತೊಳೆದು, ಚಕ್ಕಳಮಕ್ಕಳ ಹಾಕಿ ಕೂತಳು. ಅಲ್ಲಿಂದ ಬಾಗಿಲ ಸಂದಿಯಲ್ಲಿ ಗುಲಾಬಿ ಹೂವಿನ ಅರ್ಧ ಕಾಣುತ್ತಿತ್ತು. ಇನ್ನೂ ಸ್ವಲ್ಪ ಕಾಣಲಿ ಎಂದು ಒಲೆಯನ್ನು ಒಂದು ಗೇಣು ಸರಿಸಿಕೊಂಡಳು.

ಆರು ಗಂಟೆಗೆ ನಿಂಗಣ್ಣನ ಫೋನು ಬಡಿದುಕೊಂಡಿತು. ಗಯಾಜ್. ಹಿಂದೆ ಶಿವಾಜಿನಗರದ ಗದ್ದಲ.

“ಭಾಯ್, ಸಿಕ್ತು! ಹನ್ನೆರಡನೇದು! ಬೆಳಗ್ಗೆಯಿಂದ ಎಂಟು ಅಂಗಡಿ ಸುತ್ತಿದೀನಿ. ಕೆಂಪು ದಾಳಿಂಬೆ, ನೋಡಿದ್ರೆ ಭಾಭಿ ಖುಷ್ ಆಗ್ಬಿಡ್ತಾರೆ. ಈಗ್ಲೇ ತಂದೆ. ಇನ್ನೇನೂ ಕಮ್ಮಿ ಇಲ್ಲ ಅಲ್ವಾ?”

ನಿಂಗಣ್ಣ ಅರ್ಧ ತೆರೆದ ಬಾಗಿಲ ಕಡೆ ನೋಡಿದ.

“ಹನ್ನೊಂದ ಕಮ್ಮಿ ಅವ” ಎಂದ.