ಗುರುತಿನವರಿಗೆ ಊಟ ಹಾಕುವ ಕಷ್ಟ

ಗುರುತು ಪರಿಚಯ ಇರುವ ಊರಿನಲ್ಲಿ ಮನುಷ್ಯ ಚುನಾವಣೆಗೆ ನಿಲ್ಲಬಹುದು, ಬೇಕಾದರೆ ನಾಟಕದ ಕಂಪನಿ ಕಟ್ಟಬಹುದು, ಆದರೆ ಹೊಟೇಲು ಮಾತ್ರ ತೆರೆಯಬಾರದು. ನಾನು ಎಂಬಿಎ ಓದಿದ ಧಾರವಾಡದ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಅಲ್ಲಿ ಕಲಿಸಿದ್ದೆಲ್ಲ ಇದರ ತಿರುವುಮುರುವು. ವ್ಯಾಪಾರಕ್ಕೆ ಬಂಡವಾಳಕ್ಕಿಂತ ಗುಡ್‌ವಿಲ್ ದೊಡ್ಡದು, ಅದನ್ನು ಗಳಿಸಲು ದೊಡ್ಡ ದೊಡ್ಡ ಕಂಪನಿಗಳೇ ವರ್ಷಗಟ್ಟಲೆ ಒದ್ದಾಡುತ್ತವೆ ಎಂದು ಪ್ರೊಫೆಸರು ಮೇಜು ಕುಟ್ಟಿ ಹೇಳುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ದಾಂಡೇಲಿಯನ್ನು ನೆನೆದು ಒಳಗೊಳಗೇ ನಗುತ್ತಿದ್ದೆ. ನಮ್ಮ ಮನೆಯಲ್ಲಿ ಗುಡ್‌ವಿಲ್ ಹಿತ್ತಲ ನುಗ್ಗೆಕಾಯಿಯ ಹಾಗೆ ಕೇಳುವವರಿಲ್ಲದೆ ಬಿದ್ದಿತ್ತು. ಅಪ್ಪ ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಬಸಣ್ಣ ಅಂದರೆ ಊರಿಗೆಲ್ಲ ಬೇಕು. ಬಜಾರಿಗೆ ಹೋಗಿ ಕೊತ್ತಂಬರಿ ತರಲು ಅವರಿಗೆ ಅರ್ಧ ದಿನ ಹಿಡಿಯುತ್ತಿತ್ತು, ದಾರಿಯುದ್ದಕ್ಕೂ ನಮಸ್ಕಾರ.

ಓದು ಮುಗಿಸಿ ಊರಿಗೆ ಬಂದು ನಾನು ತೆರೆದ ಹೊಟೇಲಿನ ಪೂಜೆಯ ದಿನ ಮಿಲ್ಲಿನ ಕಾಲೊನಿಗೆ ಕಾಲೊನಿಯೇ ಬಂದು ಗೋಧಿ ಹುಗ್ಗಿ ಉಂಡು, ನನ್ನ ಬೆನ್ನು ತಟ್ಟಿ ಹೋಯಿತು. ಪೂಜೆಯ ಊಟಕ್ಕೆ ರೊಕ್ಕ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಮರುದಿನವೂ ಗಲ್ಲಾದ ಮೇಲೆ ಅಪ್ಪನೇ ಕೂತರು. ಹಿರಿಯರು ಗಲ್ಲಾದ ಮೇಲೆ ಕೂತರೆ ಶೋಭೆ ಎಂದು ನಾನೇ ಕೂಡಿಸಿದ್ದೆ. ಉಂಡವರು ಕೈ ತೊಳೆದು ಬಂದು ಕಿಸೆಗೆ ಕೈ ಹಾಕುವರು, ಅಪ್ಪ ಎದ್ದು ನಿಂತು ಆ ಕೈಯನ್ನು ಕಿಸೆಯೊಳಗೇ ಗಟ್ಟಿಯಾಗಿ ಹಿಡಿಯುವರು. "ತಗೋಳೋ ಬಸಣ್ಣಾ!" "ಏ, ಹುಚ್ಚಗಿಚ್ಚ ಹಿಡದೈತೇನು? ನಿನ್ನ ಕಡೆ ರೊಕ್ಕಾ?" ಇಬ್ಬರೂ ಮಿಲ್ಲಿನಲ್ಲಿ ಬಿದಿರು ಎತ್ತಿದ ಕೈಯವರು. ಆ ಜಗ್ಗಾಟ ನೋಡಿದ ಗೋವಾ ಕಡೆಯ ಪ್ರವಾಸಿಗಳು ಜಗಳವೆಂದು ತಿಳಿದು ಬಾಗಿಲಿನಿಂದಲೇ ಹಿಂದಿರುಗಿದರು.

"ಅಪ್ಪಾ, ಇದು ಮನಿ ಅಲ್ರಿ, ಹೊಟೇಲ ಐತಿ" ಅಂದೆ.

"ಹೊಟೇಲ ಆದ್ರೇನಾತೋ? ಒಲಿ ಹಚ್ಚಿದಾವ್ರು ನಾವಽ ಅಲ್ಲೇನು?" ಅಂದರು.

ಬಿಟ್ಟಿ ಊಟವಾದರೂ ಜನ ಮುಗಿಬೀಳಲಿಲ್ಲ. ನಿಧಾನಕ್ಕೆ ಬರುವುದನ್ನೇ ಬಿಟ್ಟರು. ನಮ್ಮ ಎದುರಿಗೆ ಮಲ್ಲಪ್ಪ ಎನ್ನುವವನ ಖಾನಾವಳಿ. ರಾಮದುರ್ಗದ ಕಡೆಯಿಂದ ಬಂದವನು, ಊರಲ್ಲಿ ಅವನಿಗೆ ಒಬ್ಬ ಬೀಗನಿಲ್ಲ, ಗೆಳೆಯನಿಲ್ಲ. ನಮ್ಮವರೆಲ್ಲ ಅಲ್ಲಿ ಕೂತು ಜುಣಕ, ರೊಟ್ಟಿ ಉಂಡು, ನನ್ನನ್ನು ಕಂಡರೆ ಅಲ್ಲಿಂದಲೇ ಪ್ರೀತಿಯಿಂದ ಕೈ ಬೀಸುತ್ತಿದ್ದರು. ತಡೆಯಲಾರದೆ ಒಬ್ಬರನ್ನು ಕೇಳಿಯೇಬಿಟ್ಟೆ. "ತಮ್ಮಾ, ನಿಮ್ಮಪ್ಪ ರೊಕ್ಕ ಮುಟ್ಟೂದಿಲ್ಲ. ದಿನಾ ಪುಕ್ಕಟೆ ಉಣ್ಣಾಕ ನಮಗೂ ಮಾನ ಐತಿಲ್ಲೋ? ನಿನಗ ಲುಕ್ಸಾನ ಆಗಬಾರ್ದಂತನಽ ಇಲ್ಲಿ ಉಣ್ತೇವಿ" ಅಂದರು. ನನ್ನ ಹೊಟೇಲಿನ ಮೇಲಿನ ಅಕ್ಕರೆಗೆ ಊರೆಲ್ಲ ಎದುರಿನ ಹೊಟೇಲಿನಲ್ಲಿ ಉಣ್ಣುತ್ತಿತ್ತು. ಪ್ರವಾಸಿಗಳನ್ನು ನಂಬೋಣವೆಂದರೆ ಅವರು ಕುಳಗಿಯ ಕಡೆಯ ಕ್ಯಾಂಪು, ರೆಸಾರ್ಟುಗಳಲ್ಲೇ ಉಂಡು, ನೀರಿನಲ್ಲಿ ಕುಣಿದು, ಹಾಗೇ ಮನೆಗೆ ಹೋಗುವ ಜಾತಿ.

ಕೊನೆಗೆ ಎದೆ ಗಟ್ಟಿ ಮಾಡಿಕೊಂಡು, "ಅಪ್ಪಾ, ನಾಳಿಂದ ನೀವು ಮನ್ಯಾಗ ಆರಾಮ ಇರ್ರಿ" ಅಂದೆ. ಅವರು ನನ್ನನ್ನೊಮ್ಮೆ ನೋಡಿ, ಗಲ್ಲಾದ ಮೇಲಿಟ್ಟಿದ್ದ ಕನ್ನಡಕ ತೆಗೆದುಕೊಂಡು ಹೊರಟರು. ವಾದ ಮಾಡಿದ್ದರೆ ಒಳ್ಳೆಯದಿತ್ತು.

ಮರುದಿನ ಗಲ್ಲಾದ ಮೇಲೆ ನಾನು ಕೂತೆ. ಅವತ್ತೇ ಶಂಕರಕಾಕಾ ಬರಬೇಕೆ! ಅಪ್ಪನ ಜೊತೆ ಒಂದೇ ಪಾಳಿಯಲ್ಲಿ ದುಡಿದವರು, ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನ ಜೊತೆ ಚಹಾ ಕುಡಿಯುವವರು. ಉಂಡು ಬಂದು ಕಿಸೆಯಿಂದ ನೋಟು ತೆಗೆದು ಚಾಚಿದರು. ನಾನು ಇಸಿದುಕೊಂಡೆ. ಚಿಲ್ಲರೆ, ಬಿಲ್ಲು, ಮೇಲೊಂದು ಚಮಚ ಬಡೇಸೋಪು ಕೊಟ್ಟು ಕಾಲೇಜಿನಲ್ಲಿ ಕಲಿಸಿದ ನಗು ನಕ್ಕೆ. ಕಾಕಾನ ಕೈ ಇನ್ನೂ ಚಾಚಿದಂತೆಯೇ ಇತ್ತು. ಆ ಕೈಯನ್ನು ಯಾರಾದರೂ ಹಿಡಿಯುತ್ತಾರೆಂದು ಅವರು ಕಾಯುತ್ತಿದ್ದರೆಂಬುದು ನನಗೆ ತಡವಾಗಿ ಹೊಳೆಯಿತು. ಕೊಡುತ್ತೇನೆ ಅನ್ನುವುದು ಅವರ ಮರ್ಯಾದೆ, ಬೇಡ ಅನ್ನುವುದು ನಮ್ಮ ಮರ್ಯಾದೆ. ನಾನು ಅವರ ಪಾಲಿನದನ್ನು ಇಸಿದುಕೊಂಡು ನನ್ನ ಪಾಲಿನದನ್ನು ಕೊಡದೇ ಉಳಿಸಿಕೊಂಡಿದ್ದೆ. "ಶಾಣ್ಯಾ ಆದಿ ತಮ್ಮಾ" ಎಂದು ಅವರು ಮೆಟ್ಟಿಲಿಳಿದರು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. "ಶಂಕರ ರೊಕ್ಕ ಕೊಟ್ಟನಂತ?" ಅಂದರು ಅಪ್ಪ.

"ಹೂಂರಿ."

"ಎಣಿಸಿ ತಗೊಂಡ್ಯೇನು?"

ಅವತ್ತಿನಿಂದ ಶಂಕರಕಾಕಾ ಕಟ್ಟೆಗೆ ಬರುವುದು ನಿಂತಿತು. ಅವ್ವ ಮಾತ್ರ ರೂಢಿಯಂತೆ ಎರಡು ಕಪ್ಪು ಚಹಾ ತಂದಿಡುತ್ತಿದ್ದಳು. ಅಪ್ಪ ಒಂದನ್ನು ಕುಡಿದು ಇನ್ನೊಂದನ್ನು ನೋಡುತ್ತ ಕೂರುತ್ತಿದ್ದರು.

ಕಾಕಾನ ಸುದ್ದಿ ಹಬ್ಬಿದ ಮೇಲೆ ಊರಿನವರು ಯಾರೂ ನಮ್ಮ ಮೆಟ್ಟಿಲು ಹತ್ತಲಿಲ್ಲ. ಹೊಟೇಲು ಮುಚ್ಚಿತು, ಬೇರೆ ದಾರಿ ಇರಲಿಲ್ಲ. ಬೋರ್ಡು ಇಳಿಸಿದ ದಿನ ಹಸಿವು ತಡೆಯದೆ, ನಾಚಿಕೆ ಬಿಟ್ಟು ಮಲ್ಲಪ್ಪನ ಖಾನಾವಳಿಗೆ ಹೋಗಿ ಉಂಡೆ. ಎಣ್ಣೆಗಾಯಿ ಬಹಳ ಚೆನ್ನಾಗಿತ್ತು, ಅದೊಂದು ಸಂಕಟ. ಕಿಸೆಗೆ ಕೈ ಹಾಕಿದರೆ ಮಲ್ಲಪ್ಪ ಎದ್ದು ಬಂದು ಕೈ ಹಿಡಿದ. "ಬಿಡ್ರಿ ಸಾವ್ಕಾರ್ರ! ಇಷ್ಟ ದಿವಸ ಎದರಾ-ಬದರಾ ಇದ್ದೇವಿ. ನಿಮ್ಮ ಕಡೆ ರೊಕ್ಕ ತಗೊಂಡ್ರ ಮಂದಿ ಏನಂದಾರು?" ಬಿಟ್ಟಿ ಉಂಡ ಮುಖ ಹೊತ್ತು ಮತ್ತೆ ಅಲ್ಲಿಗೆ ಹೋಗುವುದು ನನ್ನಿಂದಾಗಲಿಲ್ಲ.

ಈಗ ಹಳಿಯಾಳದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ನನಗೆ ನೌಕರಿ, ದಿನಾ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಲ್ಲೊಂದು ಖಾನಾವಳಿಯಲ್ಲಿ ಯಾರ ಗುರುತೂ ಇಲ್ಲದೆ, ರೊಕ್ಕ ಕೊಟ್ಟು ಸುಖವಾಗಿ ಉಣ್ಣುತ್ತಿದ್ದೆ. ಮೊನ್ನೆ ಮಾಲಕ ವಿಶ್ವಾಸದಿಂದ, "ದಿನಾ ಬರ್ತೀರಿ, ಯಾವೂರಾತ್ರಿ ನಿಮ್ಮದು? ದಾಂಡೇಲಿ ಕಡೇರೇನು? ಅಲ್ಲಿ ನಮ್ಮ ಬೀಗರು ಅದಾರ" ಅಂದ. ದಾಂಡೇಲಿ ಅಂದರೆ ಬಸಣ್ಣನ ಹೆಸರು ಬಂದೇ ಬರುತ್ತದೆ. "ಮುಂಡಗೋಡ ಕಡೇರಿ, ಸನವಳ್ಳಿ" ಎಂದು ಬಾಯಿಗೆ ಬಂದ ಊರಿನ ಹೆಸರು ಹೇಳಿದೆ.

"ಅಯ್ಯ, ಸನವಳ್ಳಿ ನನ್ನ ಹೇಣ್ತಿ ತವರಮನಿ ಅಲ್ರಿ! ಏ, ರೊಕ್ಕ ಒಳಗಿಡ್ರಿ ಮೊದಲ!"

ಮರುದಿನ ಬೆಳಿಗ್ಗೆ ಅವ್ವ ನನಗೆ ಬುತ್ತಿ ಕಟ್ಟುವುದನ್ನು ಕಂಡು ಅಪ್ಪ ಕೇಳಿದರು, "ಯಾಕೋ, ಹಳಿಯಾಳದಾಗ ಖಾನಾವಳಿ ಇಲ್ಲೇನು?"

"ಐತ್ರಿ. ಗುರುತಿನವ್ರು ಆಗ್ಯಾರ" ಅಂದೆ.

ಎಷ್ಟೋ ದಿನಗಳ ಮೇಲೆ ಅಪ್ಪನ ಮೀಸೆ ಅಲುಗಿತು. ಅವ್ವನ ಕಡೆ ತಿರುಗಿ, "ಅವಂಗ ಎರಡ ರೊಟ್ಟಿ ಹೆಚ್ಚ ಕಟ್ಟು. ಉಣ್ಣೂ ಹೊತ್ತಿಗೆ ಯಾರರೆ ಬಂದಾರು" ಅಂದರು. ಅಂದಿನಿಂದ ನನ್ನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇರುತ್ತವೆ. ಯಾರೂ ಬರುವುದಿಲ್ಲ, ಅವನ್ನೂ ನಾನೇ ತಿನ್ನುತ್ತೇನೆ.