ನೆಸ್ಟಾ ಸುಮ್ಮನಾದ ಕೆರೆ

ಎಮ್ಲಿನ್‌ಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ, ಬರೀ ಅರ್ಧ ದಿನದ ಮೌನ. ಬಸ್ಸು ಓಡಿಸುತ್ತಿದ್ದಷ್ಟು ಕಾಲ ‘ಚಾಲಕರೊಡನೆ ಮಾತಾಡಬಾರದು’ ಎಂಬ ಫಲಕ ಅವನ ತಲೆ ಕಾಯುತ್ತಿತ್ತು. ನಿವೃತ್ತನಾಗಿ ಮನೆ ಸೇರಿದ ಮೇಲೆ ಫಲಕವಿಲ್ಲ; ಇದ್ದವಳು ಹೆಂಡತಿ ನೆಸ್ಟಾ. ಆಕೆಯ ಮಾತು ಬೆಳಿಗ್ಗೆ ಕೆಟಲಿನ ಜೊತೆ ಕುದಿಯಲು ಶುರುವಾದರೆ, ಕೆಟಲ್ ಆರಿದರೂ ಮಾತು ಆರುತ್ತಿರಲಿಲ್ಲ.

ಜನವರಿಯ ಒಂದು ಶನಿವಾರ ಅವನಿಗೆ ಜ್ಞಾನೋದಯವಾಯಿತು. ಊರ ಹಿಂದಿನ ಬೆಟ್ಟದಲ್ಲಿ ಒಂದರ ಮೇಲೊಂದು ಕೆರೆಗಳಿವೆ. ಅಲ್ಲಿಗೆ ಏರುದಾರಿ. ಏರುದಾರಿಯಲ್ಲಿ ಏದುಸಿರು. ಉಸಿರಿಗೇ ತತ್ವಾರವಾದಾಗ ಮಾತು ಎಲ್ಲಿಂದ ಬಂದೀತು?

“ಕೆರೆಗಳೆಲ್ಲ ಹೆಪ್ಪುಗಟ್ಟಿವೆಯಂತೆ ಕಣೇ, ನೋಡ್ಕೊಂಡು ಬರೋಣ ಬಾ,” ಎಂದ, ಜೇನು ಸುರಿಸುತ್ತಾ.

“ಇಷ್ಟು ವರ್ಷಕ್ಕೆ ಒಂದ್ಸಲ ಕರೀತಿದ್ದೀರಿ, ಅದೂ ಹಲ್ಲು ಕಟಕಟ ಅನ್ನೋ ಚಳೀಲಿ! ನನ್ನ ಹೆಸರಲ್ಲಿ ವಿಮೆ ಗಿಮೆ ಮಾಡ್ಸಿದ್ದೀರೇನ್ರೀ?” ಎಂದಳು ನೆಸ್ಟಾ. ಆದರೂ ಫ್ಲಾಸ್ಕಿಗೆ ಚಹಾ ಸುರಿದು, ಒಣದ್ರಾಕ್ಷಿ ರೊಟ್ಟಿಗೆ ಬೆಣ್ಣೆ ಸವರಿ ಕಟ್ಟಿಕೊಂಡು, ಗುಲಾಬಿ ಬಣ್ಣದ ಉಣ್ಣೆ ಟೋಪಿ ಏರಿಸಿ, ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಳು.

ಯೋಜನೆ ಅರ್ಧ ಫಲಿಸಿತು. ಏದುಸಿರು ಬಂತು. (ಬಂದದ್ದು ಎಮ್ಲಿನ್‌ಗೆ.) ಮುಂದೆ ಮುಂದೆ ಹತ್ತುತ್ತಿದ್ದ ನೆಸ್ಟಾಳ ಬಾಯಿಂದ ಬಿಳಿ ಹಬೆಯೂ ಮಾತೂ ಸಮಸಮವಾಗಿ ಹೊರಡುತ್ತಿದ್ದವು. ಪಾದ್ರಿಗಳ ಶೀತ, ಪಕ್ಕದ ಮನೆ ಡಿಲಿಸಳ ಹೊಸ ಪರದೆ, ಯಾವುದನ್ನೂ ಬಿಡಲಿಲ್ಲ.

“ಆ ಕುರಿ ನೋಡ್ರೀ, ಥೇಟ್ ನಿಮ್ಮಕ್ಕನ ಹಾಗೇ ಗುರಾಯಿಸ್ತಿದೆ!”

“ಹ್ಞೂಂ...”

“ಅಯ್ಯೋ, ಹ್ಞೂಂ ಅನ್ನೋಕೂ ಉಸಿರಿಲ್ಲ, ಪಾಪ!”

ಕೆಳಗಿನ ಕೆರೆ ಕಳೆಯಿತು, ನಡುವಿನ ಕೆರೆ ಕಳೆಯಿತು. ಮೇಲಿನ ಕೆರೆಯ ಅಂಚಿಗೆ ಬರುವಾಗ ಅವಳು, “ಡಿಲಿಸ್ ನನ್ಹತ್ರ ಏನಂದ್ಲು ಗೊತ್ತಾ...” ಎಂದವಳು ಅಲ್ಲಿಗೇ ನಿಂತಳು.

ಕಪ್ಪು ಬಂಡೆಗಳ ಮಡಿಲಲ್ಲಿ ಕೆರೆ ಕೆನೆಗಟ್ಟಿದ ಹಾಲಿನಂತೆ ಮಲಗಿತ್ತು. ಮಂಜು ಮೆಲ್ಲಗೆ ಏಳುತ್ತಿತ್ತು; ಇಳಿಬಿಸಿಲು ಹಿಮದ ಮೇಲೆ ಹೊನ್ನಿನ ಪುಡಿ ಉದುರಿಸಿತ್ತು. ಆಳದಲ್ಲಿ ಉಸಿರುಗುಳ್ಳೆಗಳು ಮೇಲೇರುವುದನ್ನೇ ಮರೆತು ಬೆಳ್ಳಗೆ ನಿಂತಿದ್ದವು. ಆಗ ಹಿಮ ಹಾಡಿತು: ಹಾರ್ಪಿನ ದಪ್ಪ ತಂತಿಯನ್ನು ನೀರೊಳಗೆ ಯಾರೋ ಮೀಟಿದಂತೆ ಒಂದು ದೀರ್ಘ ನಾದ ಈ ದಡದಿಂದ ಆ ದಡಕ್ಕೆ ಹರಿದು ಹೋಯಿತು.

ನೆಸ್ಟಾ ಬಂಡೆಯ ಮೇಲೆ ಕುಳಿತಳು. ಮಾತಿಲ್ಲ.

ಎಮ್ಲಿನ್ ಸ್ವರ್ಗಸುಖ ಅನುಭವಿಸಿದ. ಒಂದು ಲೋಟ ಚಹಾ ಮುಗಿಯುವವರೆಗೆ. ಆಮೇಲೆ ಯಾಕೋ ಕಸಿವಿಸಿ.

“ಡಿಲಿಸ್ ಏನಂದ್ಲೇ?”

ನೆಸ್ಟಾ ಕೆರೆಯ ಕಡೆಗೇ ಕಿವಿಗೊಟ್ಟಿದ್ದಳು.

“ಕಾಲು ನೋವಾ? ಕೋಪಾನಾ? ಅಕ್ಕನ್ನ ಕುರಿ ಅಂದಿದ್ದಕ್ಕೆ ನಾನೇನೂ ಬೇಜಾರು ಮಾಡ್ಕೊಂಡಿಲ್ಲ ಕಣೇ...”

ಅವಳು ತುಟಿಯ ಮೇಲೆ ಬೆರಳಿಟ್ಟಳಷ್ಟೆ. ಎಮ್ಲಿನ್ ಲೋಟ ಕೆಳಗಿಟ್ಟ. ಬಿಟ್ಟು ಹೋಗುವ ಹೆಂಡತಿಯರು ಹೀಗೇ ಸುಮ್ಮನಾಗುತ್ತಾರಂತೆ! ಅವಳ ಗಮನ ಸೆಳೆಯಲೇಬೇಕೆಂದು ಹಿಮದ ಮೇಲೊಂದು ಕಾಲಿಟ್ಟು, “ನೋಡಿಲ್ಲಿ! ಬಂಡೆ ಇದ್ದ ಹಾಗಿದೆ!” ಎಂದ.

ಬಂಡೆ ಚರ್ರೆಂದಿತು. ಮೊಣಕಾಲಿನವರೆಗೆ ಎಮ್ಲಿನ್ ಜಲಸಮಾಧಿ ಹೊಂದಿದ.

ನೆಸ್ಟಾ ಅವನ ಮಫ್ಲರ್ ಹಿಡಿದು ದಡಕ್ಕೆಳೆದಳು. ಬೂಟು ಕಿತ್ತು, ಪಾದ ಉಜ್ಜಿ, ತನ್ನ ಗುಲಾಬಿ ಟೋಪಿಯನ್ನು ಅವನ ಕಾಲಿಗೆ ತೊಡಿಸಿದಳು. ಒಂದೇ ಒಂದು ಬೈಗುಳವಿಲ್ಲ! ತಣ್ಣೀರಿಗಿಂತ ಅದಕ್ಕೇ ಅವನು ಹೆಚ್ಚು ನಡುಗಿದ. ಕದ್ದು ನೋಡಿದರೆ, ಅವಳ ಕೆನ್ನೆ ಮದುವೆಗೆ ಮೊದಲಿನ ಹುಡುಗಿಯ ಕೆನ್ನೆಯಂತೆ ಕೆಂಪಾಗಿತ್ತು. ಕಣ್ಣು ಕೆರೆಯಲ್ಲೇ ಇತ್ತು. ಮತ್ತೆ ನಾದ ಬಂತು. ಈ ಸಲ ಅವನಿಗೂ ಎದೆಯೊಳಗೆ ಏನೋ ಮಿಡಿದಂತಾಯಿತು.

“ನೆಸ್ಟಾ, ನನಗೂ...”

“ಶ್!”

ಇಳಿಯುವ ದಾರಿಯುದ್ದಕ್ಕೂ ಅವನೇ ಮಾತಾಡಿದ. ಗುಲಾಬಿ ಕಾಲು ನೋಡಿ ಊರೆಲ್ಲ ನಕ್ಕಿತು. ನೆಸ್ಟಾ ಮಾತ್ರ ಕನಸಿನಲ್ಲಿ ನಡೆಯುತ್ತಿದ್ದಳು.

ಮುಂದಿನ ಶನಿವಾರ ಡಿಲಿಸ್ ಬೆಟ್ಟ ಹತ್ತಲು ಊರುಗೋಲು ಹಿಡಿದು ಬಾಗಿಲಿಗೆ ಬಂದಳು. ಎಮ್ಲಿನ್ ಬೂಟಿಗೆ ಕೈ ಹಾಕಿದ.

“ನೀವು ಬೇಡ ರೀ,” ಎಂದಳು ನೆಸ್ಟಾ, ಬಲು ಮೃದುವಾಗಿ. “ನೀವು ಬಾಯಿ ಬಿಟ್ರೆ ಕೆರೆ ಬಾಯಿ ಮುಚ್ಚುತ್ತೆ.”

ಇಬ್ಬರೂ ಬಿಳಿ ಬೆಟ್ಟದ ಕಡೆ ಹೊರಟುಹೋದರು. ಎಮ್ಲಿನ್ ಕುರ್ಚಿಯಲ್ಲಿ ಕೂತ, ಎದ್ದ, ಕಿಟಕಿಯಲ್ಲಿ ಇಣುಕಿದ. ಕೊನೆಗೆ ತಡೆಯಲಾರದೆ ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟಲು ಕೈಯೆತ್ತಿದ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಡಿಲಿಸಳ ಗಂಡ ಗೆರೈಂಟ್ ಕೋಟು ಹಾಕಿಕೊಂಡು, ಎಮ್ಲಿನ್ ಮನೆಗೇ ಹೊರಟು ನಿಂತಿದ್ದ.

“ಬಾ ಮಾರಾಯ, ಒಳಗೆ ಬಾ,” ಎಂದ ಅವನು, ಕೈ ಹಿಡಿದೆಳೆಯುತ್ತಾ. “ಏನಾದ್ರೂ ಮಾತಾಡು.”