ಭಾನುವಾರ ಮಾತ್ರ ಹಸಿರು

ತನ್ನ ಮನೆಯಲ್ಲಿ ಮೀನುಗಳಿಗಿರುವ ಮರ್ಯಾದೆ ತನಗಿಲ್ಲ ಎಂಬುದು ವೆಂಡೆಲ್‌ನ ಬಹುಕಾಲದ ದೂರು. ಮೀನುಗಳ ನೀರು ಬೆಚ್ಚಗಿದೆಯೇ ಎಂದು ದಿನಕ್ಕೆ ನಾಲ್ಕು ಸಲ ವಿಚಾರಿಸುವವರಿದ್ದರು (ಅವನೇ). ಅವನ ಕಾಫಿ ಬೆಚ್ಚಗಿದೆಯೇ ಎಂದು ಕೇಳುವವರು ಯಾರೂ ಇರಲಿಲ್ಲ.

ಸೆಗೆಡ್ ಊರಿನಲ್ಲಿ ಟ್ರಾಮ್ ಓಡಿಸುವ ಈ ಐವತ್ತೆರಡರ ಮನುಷ್ಯನಿಗೆ ನೀರೊಳಗೆ ತೋಟ ಮಾಡುವ ಹುಚ್ಚು ಹಿಡಿದಿತ್ತು. ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂದು ಕೂತಿತು. ಅಲ್ಲಿದ್ದ ಪಿಂಗಾಣಿ ಪಾತ್ರೆಗಳ ಬೀರು ಓಣಿಯಂಥ ಹಜಾರಕ್ಕೆ ಹೋಯಿತು. ಅದು ಹೆಂಡತಿ ಎಟೆಲ್ಕಾಳ ಅಜ್ಜಿಯ ಬೀರು. ಓಡಾಡುವಾಗಲೆಲ್ಲ ಅದರ ಮೂಲೆ ಅವಳ ಸೊಂಟಕ್ಕೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಅವಳು "ಯೇಸುವೇ" ಎನ್ನುತ್ತಿದ್ದಳು. ಅದು ಪ್ರಾರ್ಥನೆಯೋ ದೂರೋ ವೆಂಡೆಲ್‌ಗೆ ಕೊನೆಗೂ ಗೊತ್ತಾಗಲಿಲ್ಲ.

"ನೋಡ್ರೀ, ನಾನು ಹಟಮಾರಿ ಅಲ್ಲ," ಎಂದಳು ಒಂದು ದಿನ. "ಡಿಸೆಂಬರ್ ಏಳಕ್ಕೆ ಅಪ್ಪನ ನಾಮದಿನ, ಅವರ ಹೆಸರಿನ ಸಂತರ ಹಬ್ಬ; ನೆಂಟರೆಲ್ಲ ಬರ್ತಾರೆ. ಅಷ್ಟರೊಳಗೆ ಈ ತೊಟ್ಟಿ ಹಸಿರಾಗಿ ಕಣ್ಣಿಗೆ ತಂಪಾಗಿದ್ರೆ ಇರಲಿ. ಇಲ್ದಿದ್ರೆ ಇದು ಶಾಲೆಗೆ ದಾನ, ನನ್ನ ಬೀರು ವಾಪಸ್. ಮತ್ತೆ ಆ ಕರೀ ಕೋಲು ತೆಗೀರಿ. ಜ್ವರ ಬಂದೋರ ಬಾಯಲ್ಲಿ ಥರ್ಮಾಮೀಟರ್ ಇಟ್ಟ ಹಾಗೆ ಕಾಣುತ್ತೆ."

ಕರೀ ಕೋಲೆಂದರೆ ನೀರು ಕಾಯಿಸುವ ಹೀಟರ್. ತೊಟ್ಟಿಯೇ ಹೋದರೆ ತನ್ನ ಬಾಳಿನಲ್ಲಿ ಉಳಿಯುವುದು ಟ್ರಾಮಿನ ಗಂಟೆಯೊಂದೇ ಎಂದು ವೆಂಡೆಲ್‌ಗೆ ಹೊಳೆಯಿತು. ಓದಿ, ವಿಚಾರಿಸಿ, ಎರಡು ಮಹಾಕಾರ್ಯಗಳಿಗೆ ಸಂಕಲ್ಪ ಮಾಡಿದ. ಒಂದು, ಹೀಟರನ್ನು ತೊಟ್ಟಿಯಿಂದ ಹೊರಗೆ ತಂದು, ಕೆಳಗಿನ ಕಪಾಟಿನಲ್ಲಿ ಫಿಲ್ಟರಿನಿಂದ ಮೇಲೇರುವ ಪೈಪಿನ ನಡುವೆಯೇ ಕೂರಿಸುವುದು. ನೀರು ಹಾದುಹೋಗುತ್ತಲೇ ಬೆಚ್ಚಗಾಗುತ್ತದೆ, ಕಣ್ಣಿಗೇನೂ ಕಾಣದು. ಎರಡು, ಗಿಡಗಳು ಹುಲುಸಾಗಲು ನೀರಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವುದು.

ಪೈಪು ಕತ್ತರಿಸುವ ಮೊದಲು ಎರಡು ನಲ್ಲಿ ಮುಚ್ಚಬೇಕಿತ್ತು. ವೆಂಡೆಲ್ ಒಂದನ್ನು ಮುಚ್ಚಿದ. ಎಟೆಲ್ಕಾ ಚರ್ಚಿನ ಹಾಡಿನ ಅಭ್ಯಾಸ ಮುಗಿಸಿ ಬಂದಾಗ ಗಂಡ ಕಾಲುಚೀಲ ಹಿಂಡುತ್ತಿದ್ದ.

"ಟಿಸಾ ಹೊಳೆ ಮನೆಗೇ ಬಂತಾ? ನಮ್ಮೂರು ಒಂದು ಸಲ ಮುಳುಗಿದ್ದು ಸಾಲದಾಗಿತ್ತಾ ನಿಮಗೆ?"

"ಸ್ವಲ್ಪ ಹನಿ ಬಿತ್ತು ಕಣೇ."

"ಹನಿಯಂತೆ! ನಾನು ಛತ್ರಿ ಬಿಡಿಸ್ಕೊಂಡು ಅಡುಗೆಮನೆಗೆ ಹೋಗ್ಲಾ, ದೋಣಿ ಕಟ್ಸ್ಲಾ?"

ಹೀಟರೇನೋ ಕೂತಿತು. ಆದರೆ ಗ್ಯಾಸಿಗಾಗಿ ಮಾವನ ಮುಂದೆ ಕೈಯೊಡ್ಡಬೇಕಾಯಿತು. ಮಾವ ಆಂಬ್ರುಶ್ ನಲವತ್ತು ವರ್ಷ ಊರಿಗೆಲ್ಲ ಸೋಡಾ ಕುಡಿಸಿದವರು. ಹಿಡಿಕೆ ಒತ್ತಿದರೆ ಬುಸ್ಸೆಂದು ಚಿಮ್ಮುವ ದಪ್ಪಗಾಜಿನ ಸೀಸೆಗಳನ್ನು ತುಂಬಿ ಮನೆಮನೆಗೆ ಹಾಕುತ್ತಿದ್ದರು. ಆ ಊರಿನಲ್ಲಿ ವೈನಿಗೆ ಸೋಡಾ ಬೆರೆಸದೆ ಕುಡಿಯುವವನನ್ನು ಜನ ಕಾಯಿಲೆಯವನೆಂದೇ ತಿಳಿಯುತ್ತಾರೆ. ಕಳೆದ ವಸಂತದಲ್ಲಿ ಮುದುಕರು ಅಂಗಡಿ ಮುಚ್ಚಿ, ಯಂತ್ರ ಸೀಸೆಗಳನ್ನೆಲ್ಲ ಹಂಚಿಬಿಟ್ಟರು. ಅಂದಿನಿಂದ ಮಾತು ಕಡಿಮೆಯಾಗಿ ಕಿಟಕಿ ಪಕ್ಕ ಕೂತಿರುತ್ತಿದ್ದರು. ಮನೆಬಳಕೆಯ ಎಂಟು ಸೀಸೆ, ಒಂದು ಹಿತ್ತಾಳೆ ಮೂತಿ ಬಿಟ್ಟರೆ ಉಳಿದದ್ದು ಒಂದೇ ಸಿಲಿಂಡರು. ಅದನ್ನೇ ಕೊಟ್ಟರು, ಜೊತೆಗೆ ಉಪದೇಶವನ್ನೂ.

"ಅಳಿಯಂದ್ರೇ, ಒಂದು ಕಡೆ ನೀರು ಕಾಯಿಸ್ತೀರಿ, ಇನ್ನೊಂದು ಕಡೆ ಅದಕ್ಕೇ ಗ್ಯಾಸ್ ಕುಡಿಸ್ತೀರಿ. ಬಿಸಿ ನೀರಲ್ಲಿ ಗ್ಯಾಸ್ ನಿಲ್ಲುತ್ತಾ? ಕಂಬಳಿ ಹೊದಿಸಿ ಬೀಸಣಿಗೆ ಬೀಸಿದ ಹಾಗಾಯ್ತು."

"ಇಪ್ಪತ್ತೈದು ಡಿಗ್ರಿ ಬಿಸಿ ಅಲ್ಲ ಮಾವ."

"ಹೋಗ್ಲಿ, ಗ್ಯಾಸ್ ಎಷ್ಟು ಬಿಡ್ತೀರಿ?"

"ಸೆಕೆಂಡಿಗೆ ಎರಡು ಗುಳ್ಳೆ."

ಮುದುಕರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು, ಸತ್ತವರ ಮುಂದೆ ತೆಗೆದ ಹಾಗೆ. "ಎರಡು ಗುಳ್ಳೆ! ಇಷ್ಟು ದೊಡ್ಡ ಸಿಲಿಂಡರಿನಿಂದ! ಇರುವೆಗೆ ಅಂಬಾರಿ ಕಟ್ಟಿದ್ರಲ್ಲಪ್ಪಾ."

ವೆಂಡೆಲ್ ಹಲ್ಲು ಕಚ್ಚಿಕೊಂಡು ಸಿಲಿಂಡರು ಹೊತ್ತು ತಂದ. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಬಿಳಿ ಪ್ಲಾಸ್ಟಿಕ್ ವಾಷರ್ ಹಾಕಿ ಬಿಗಿದ. ತೊಟ್ಟಿಯ ದೀಪವೂ ಗ್ಯಾಸೂ ಬೆಳಿಗ್ಗೆ ಹತ್ತಕ್ಕೆ ತಾವೇ ಶುರುವಾಗಿ ಸಂಜೆ ಆರಕ್ಕೆ ತಾವೇ ನಿಲ್ಲುವಂತೆ ಮಾಡಿದ. ತೊಟ್ಟಿಯೊಳಗೆ ಗೋಲಿಯಷ್ಟು ದೊಡ್ಡ ಗಾಜಿನ ಬುರುಡೆಯೊಂದನ್ನು ತೂಗುಹಾಕಿದ. ಅದರೊಳಗಿನ ದ್ರವ ನೀಲಿಯಾಗಿದ್ದರೆ ನೀರಿನಲ್ಲಿ ಗ್ಯಾಸ್ ಸಾಲದು, ಹಸಿರಾದರೆ ಸರಿಯಾಗಿದೆ, ಹಳದಿಯಾದರೆ ಮೀನುಗಳ ಉಸಿರು ಕಟ್ಟುತ್ತದೆ. ಮೊದಲ ದಿನ ಭಾನುವಾರ. ನಾಲ್ಕೈದು ಗಂಟೆ ಗುಳ್ಳೆ ಎದ್ದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಬುರುಡೆ ಎಳೆಹುಲ್ಲಿನಂತೆ ಹಸಿರಾಯಿತು. ವೆಂಡೆಲ್ ಹೆಂಡತಿಯ ಸೊಂಟ ಹಿಡಿದು ಒಂದು ಸುತ್ತು ಕುಣಿದ. (ಬೀರು ಬಡಿದ ಸೊಂಟವೇ ಅದು. "ಯೇಸುವೇ" ಎಂದಳು.)

ಸೋಮವಾರ ನಾಲ್ಕು ಗಂಟೆಗೆ ಕೆಲಸ ಮುಗಿಸಿ ಬಂದು ನೋಡಿದರೆ ಗುಳ್ಳೆಗಳು ಸೆಕೆಂಡಿಗೆ ಎರಡರಂತೆ ಶಿಸ್ತಾಗಿ ಏಳುತ್ತಿವೆ, ಬುರುಡೆ ಮಾತ್ರ ನೀಲಿ. ಮಂಗಳವಾರವೂ ನೀಲಿ. ಶನಿವಾರದವರೆಗೂ ನೀಲಿ. ಭಾನುವಾರ ಹಸಿರು! ಸೋಮವಾರ ಮತ್ತೆ ನೀಲಿ.

ಈ ರಹಸ್ಯ ವೆಂಡೆಲ್‌ನ ತಲೆ ಹೊಕ್ಕಿತು. ಟ್ರಾಮ್ ಓಡಿಸುವಾಗಲೂ ಅದೇ ಯೋಚನೆ. ನಿಲ್ದಾಣವೊಂದನ್ನು ದಾಟಿಸಿಕೊಂಡೇ ಹೋಗಿ ಹಿಂದಿನ ಸೀಟಿನ ಅಜ್ಜಿಯರಿಂದ ಬೈಸಿಕೊಂಡ. ಸೋರುತ್ತಿದೆಯೇನೋ ಎಂದು ಪ್ರತಿಯೊಂದು ಕೀಲಿಗೂ ಸೋಪಿನ ನೊರೆ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಮಾವನ ಮಾತೇ ನಿಜವಿರಬಹುದೆಂದು (ಬಾಯಲ್ಲಿ ಒಪ್ಪದೆ) ಹೀಟರಿನ ಡಿಗ್ರಿ ಒಂದೊಂದಾಗಿ ಇಳಿಸಿದ. ಮೀನುಗಳು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತವು. ಗಿಡಗಳು ಕಂದು ತಿರುಗಿದವು.

"ಆ ಗ್ಯಾಸೆಲ್ಲ ಎಲ್ಲಿಗೆ ಹೋಗ್ತಿದೆ ಕಣೇ?"

"ಎಲ್ಲಿಗೆ ಹೋಗುತ್ತೆ? ಮನೆಯೊಳಗೇ ಇರುತ್ತೆ."

ವೆಂಡೆಲ್ ಬೆಚ್ಚಿಬಿದ್ದ. ಉಸಿರು ಕಟ್ಟೀತೆಂದು ನವೆಂಬರ್ ಚಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟ. ಗಂಡಹೆಂಡಿರು ಓವರ್‌ಕೋಟು ತೊಟ್ಟು ಊಟಕ್ಕೆ ಕೂತರು. ಎಟೆಲ್ಕಾ ಅವನ ವೈನಿಗೆ ಸೋಡಾ ಬುಸ್ಸೆನಿಸಿದಳು.

"ಏನೇ ಹೇಳು, ಈ ಸೋಡಾ ಮಾತ್ರ ಸೋಡಾ," ಎಂದ ವೆಂಡೆಲ್, ಓವರ್‌ಕೋಟಿನ ತೋಳು ಸರಿಸಿ ಎರಡನೆಯ ಲೋಟ ಒಡ್ಡುತ್ತ. "ಮೂಗಿಗೆ ಚುರ್ ಅನ್ನುತ್ತೆ. ಎಲ್ಲಿಂದ ತರ್ತೀ?"

"ಅಪ್ಪ ಮಾಡಿದ್ದು."

"ಹಳೇ ಸ್ಟಾಕು ಇನ್ನೂ ಉಳಿದಿದೆಯಾ? ಪುಣ್ಯಾತ್ಮರು. ಹಾಕು, ಇನ್ನೊಂದು ಸ್ವಲ್ಪ."

ಮೂರನೆಯ ವಾರ ಅವನು ಕೀಲು ಬಿಚ್ಚಿ ನೋಡಿ ಕೂಗಿಕೊಂಡ. "ಎಟೆಲ್ಕಾ! ನಾನು ಹಾಕಿದ್ದು ಪ್ಲಾಸ್ಟಿಕ್ ವಾಷರ್. ಇದು ಚರ್ಮದ್ದು!"

"ಚರ್ಮದ್ದೇ ಗಟ್ಟಿ ಅಂತ ಅಪ್ಪ ಯಾವಾಗಲೂ ಹೇಳ್ತಾರೆ."

"ಅದಲ್ಲ ಕಣೇ, ನನಗೆ ಮರೆವು ಶುರುವಾಯ್ತೇನೋ ಅಂತ. ಮತ್ತೆ ಭಾನುವಾರ ಮಾತ್ರ ಯಾಕೆ ಹಸಿರಾಗುತ್ತೆ, ಹೇಳು?"

ಎಟೆಲ್ಕಾ ಹೊಲಿಗೆಯಿಂದ ತಲೆಯೆತ್ತದೆ ಹೇಳಿದಳು: "ಭಾನುವಾರ ದೇವರ ದಿನ. ಹುಲ್ಲುಕಡ್ಡಿಗೂ ಅದು ನೆನಪಿರುತ್ತೆ. ಈಸ್ಟರಿಗೊಂದು ಸಲ ಚರ್ಚಿಗೆ ಬರೋ ಕೆಲವರಿಗೆ ಮಾತ್ರ ಮರೆಯುತ್ತೆ."

ನಾಮದಿನ ಶನಿವಾರ ಬಂತು. ಕಂದುಗಿಡಗಳ ಮುಖ ಕಡೆಯ ಸಲ ನೋಡೋಣವೆಂದು ವೆಂಡೆಲ್ ಗೆಳೆಯನಿಗೆ ಟ್ರಾಮ್ ಒಪ್ಪಿಸಿ ಮಧ್ಯಾಹ್ನಕ್ಕೇ ಮನೆಗೆ ಬಂದ. ಕೆಂಪು ಮೆಣಸಿನಪುಡಿ ಹಾಕಿದ ಮೀನಿನ ಸಾರು ಕುದಿಯುವ ವಾಸನೆ. (ಆ ವಾಸನೆ ತೊಟ್ಟಿಯ ಕಡೆ ಹೋಗದಿರಲೆಂದು ಅಡುಗೆಮನೆ ಬಾಗಿಲು ಮುಚ್ಚಿಡಬೇಕೆಂಬುದು ಅವನದೇ ಕಟ್ಟಪ್ಪಣೆ.) ಮುಚ್ಚಿದ ಬಾಗಿಲಿನ ಹಿಂದೆ ಬುಸ್ಸ್‌ಸ್ ಎಂಬ ಸದ್ದು. ತಳ್ಳಿ ನೋಡಿದ.

ಅವನ ಸಿಲಿಂಡರು ಒಲೆಯ ಪಕ್ಕದಲ್ಲಿ ನಿಂತಿತ್ತು. ಮಾವ ಹಳೆಯ ಚರ್ಮದ ಏಪ್ರನ್ ಕಟ್ಟಿ, ಅಂಗಿಯ ತೋಳು ಮಡಚಿ, ಹಿತ್ತಾಳೆಯ ಮೂತಿಗೆ ಸೀಸೆ ಸಿಕ್ಕಿಸಿ, ಕಿವಿಗೊಟ್ಟು ಗ್ಯಾಸ್ ತುಂಬುವ ಸದ್ದು ಕೇಳುತ್ತಿದ್ದರು. ಮುಖದ ವಯಸ್ಸು ಇಪ್ಪತ್ತು ವರ್ಷ ಇಳಿದಿತ್ತು. ಮೇಜಿನ ಮೇಲೆ ಎಂಟು ಸೀಸೆ. ಎಟೆಲ್ಕಾ ಒರೆಸಿ ಒರೆಸಿ ಇಡುತ್ತಿದ್ದಳು.

"ಬಂದ್ರಾ ಅಳಿಯಂದ್ರೇ? ಒಳ್ಳೇದಾಯ್ತು. ಈ ಸೀಸೆ ಕತ್ತು ಸ್ವಲ್ಪ ಹಿಡ್ಕೊಳ್ಳಿ."

"ನನ್ನ ಗ್ಯಾಸ್!"

"ನಿಮ್ಮ ಗ್ಯಾಸಲ್ಲ, ನನ್ನ ಗ್ಯಾಸು. ಸಂಜೆ ಹೊತ್ತು ನಿಮಗೆ ಕೊಟ್ಟಿರ್ತೀನಿ ಅಷ್ಟೆ. ಹತ್ತಕ್ಕೆ ತಗೋತೀನಿ, ಮೂರೂವರೆಗೆ ಬಿಗಿದಿಡ್ತೀನಿ. ಚರ್ಮದ ವಾಷರ್ ಹಾಕ್ಕೊಟ್ಟಿದ್ದಕ್ಕೆ ಒಂದು ಥ್ಯಾಂಕ್ಸೂ ಇಲ್ಲ."

ವೆಂಡೆಲ್ ಹೆಂಡತಿಯ ಕಡೆ ತಿರುಗಿದ. "ನೀನೂ ನನಗೆ ಸುಳ್ಳು ಹೇಳಿದೆಯಾ?"

"ಸುಳ್ಳಾ? ಗ್ಯಾಸ್ ಮನೆಯೊಳಗೇ ಇದೆ ಅಂದೆ. ಸೋಡಾ ಅಪ್ಪ ಮಾಡಿದ್ದು ಅಂದೆ. ಯಾವುದ್ರೀ ಸುಳ್ಳು?" ಆಮೇಲೆ ದನಿ ತಗ್ಗಿಸಿದಳು. "ಏಪ್ರಿಲಿನಿಂದ ಅಪ್ಪ ನಕ್ಕಿರಲಿಲ್ಲ. ಮೊದಲ ಸೋಮವಾರ ಕಾಫಿಗೆ ಬಂದವರು ಆ ಸಿಲಿಂಡರು ನೋಡಿ ಎದ್ದು ನಿಂತ್ರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

"ನನ್ನ ಗಿಡಗಳ ಉಸಿರನ್ನ ಯಾರ್ಯಾರೋ ಕುಡಿದ್ರು!"

"ಯಾರ್ಯಾರೋ ಅಲ್ಲ," ಎಂದರು ಮಾವ. "ರಾತ್ರಿಗೆ ಎರಡು ಲೋಟ, ಶನಿವಾರ ಮೂರು. ಕೊಟ್ಟ ಸೀಸೆ ಖಾಲಿಯಾಗಿ ಬರ್ತಿತ್ತು. ಪುಣ್ಯಾತ್ಮರು ಅಂತಲೂ ಅಂದ್ರಂತೆ."

ವೆಂಡೆಲ್ ಕೈ ಚಾಚಿ ಆ ಸೀಸೆಯ ಕತ್ತು ಹಿಡಿದುಕೊಂಡ.

ಸಂಜೆ ನೆಂಟರೆಲ್ಲ ಉಂಡು, ಎಂಟೂ ಸೀಸೆ ಬರಿದು ಮಾಡಿ ಹೋದ ಮೇಲೆ ತೀರ್ಪು. ತೊಟ್ಟಿ ಕಂದಾಗಿತ್ತು, ಪಂದ್ಯ ಸೋತಾಗಿತ್ತು. ಆದರೆ ಎಟೆಲ್ಕಾಳ ಮನಸ್ಸಾಕ್ಷಿ ಅವಳ ಹಟಕ್ಕಿಂತ ದೊಡ್ಡದು. "ತಪ್ಪು ನಮ್ಮದೂ ಇದೆ. ತೊಟ್ಟಿ ಇರಲಿ. ಆದ್ರೆ ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ನೀವು ನನ್ನ ಜೊತೆ ಬರಬೇಕು. ನಾಳೆಯಿಂದಲೇ."

"ಮಾವ ಗ್ಯಾಸ್ ಮುಟ್ಟಬಾರದು," ಎಂದ ವೆಂಡೆಲ್.

ಮುದುಕರು ಎದೆ ಮುಟ್ಟಿಕೊಂಡರು. "ದುಡಿಯೋ ದಿನ ಒಂದೂ ನಿಮ್ಮ ಸಿಲಿಂಡರಿಗೆ ಕೈ ಹಚ್ಚಲ್ಲ. ದೇವರಾಣೆ."

ಮರುದಿನ ವೆಂಡೆಲ್ ಹೊಸ ಕೋಟು ತೊಟ್ಟು ಚರ್ಚಿನಲ್ಲಿ ಮೊಣಕಾಲೂರಿದ. ಹಾಡು ಚೆನ್ನಾಗಿತ್ತು. ಗಿಡಗಳಿಗಾಗಿ ಮನಸಾರೆ ಬೇಡಿಕೊಂಡ. ಮಾವ ಬಂದಿರಲಿಲ್ಲ, ಮೊಣಕಾಲು ನೋವಂತೆ. ಮನೆಗೆ ಬಂದು ಮೊದಲು ನಡುಮನೆಗೆ ಓಡಿದ. ಬುರುಡೆ ನೀಲಿ. ಕಪಾಟು ಖಾಲಿ. ಅಡುಗೆಮನೆಯಿಂದ ಬುಸ್ಸ್‌ಸ್.

"ಮಾವ! ಆಣೆ?"

"ದುಡಿಯೋ ದಿನ ಮುಟ್ಟಲ್ಲ ಅಂದೆ. ಇವತ್ತು ಭಾನುವಾರ ಅಲ್ವಾ ಅಳಿಯಂದ್ರೇ? ನಿನ್ನೆ ಸೀಸೆಗಳೆಲ್ಲ ಖಾಲಿ ಬೇರೆ."

ಅಪ್ಪನ ಬಾಯಿ ಮಗಳಿಗೆ ಬಂದಿದೆಯೋ ಮಗಳ ಬಾಯಿ ಅಪ್ಪನಿಗೋ ಎಂದು ವೆಂಡೆಲ್ ಗಳಿಗೆ ಹೊತ್ತು ಯೋಚಿಸಿದ. ಇನ್ನು ಆರು ದಿನ ಗಿಡಗಳಿಗೆ ಗ್ಯಾಸುಂಟು. ಇಂದು ತುಂಬಿದ ಸೀಸೆ ಮುಗಿದರೆ, ಮುಂದಿನ ಭಾನುವಾರದವರೆಗೆ ತನ್ನ ವೈನಿಗೆ ನಲ್ಲಿ ನೀರೇ ಗತಿ. ಲೆಕ್ಕ ಹೊಳೆಯುತ್ತಲೇ ಗಂಟಲು ಒಣಗಿತು. ಕೋಟು ಬಿಚ್ಚದೆಯೇ ಕುರ್ಚಿ ಎಳೆದು ಕೂತು, ಅತ್ತ ತೊಟ್ಟಿಯ ಕಡೆ ನೋಡದೆ, ಲೋಟ ಮುಂದೆ ಚಾಚಿದ.

"ಸ್ವಲ್ಪ ಜಾಸ್ತೀನೇ ಹಾಕಿ, ಮಾವ."